ಒಂಬತ್ತನೆಯ ವಾರ, ಮೂರು ಅಪ್ಪುಗೆ

ರಂಜಾನ್ ಹಬ್ಬಕ್ಕೆ ನಾಲ್ಕು ದಿನವಿತ್ತು. ಬೆಳಗಿನ ಏಳು ಗಂಟೆ. ಶಲವಡಿಯ ನನ್ನ ಮನೆಯ ಪಡಸಾಲೆಯಲ್ಲಿ ಅಂಗಿ ಬಿಚ್ಚಿ ನಿಂತು, ಎದೆಗೆ ಗೋಣಿಚೀಲದ ತುಂಡನ್ನು ಉಜ್ಜಿಕೊಳ್ಳುತ್ತಿದ್ದೆ. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಹಾಲು ಕೊಡುವ ಗಿರಿಜವ್ವ ಎಂದಿನಂತೆ ಕೂಗದೆ ಒಳಗೆ ಬಂದಳು.

ಇಬ್ಬರೂ ನಿಂತೆವು. ಅವಳ ಕೈಯಲ್ಲಿ ಹಾಲಿನ ಕ್ಯಾನು, ನನ್ನ ಕೈಯಲ್ಲಿ ಗೋಣಿಚೀಲ.

“ಯಾಕ್ರೀ ಸರ, ಮೈಗೆ ತುರಿಕಿ ಎದ್ದೇತೇನ್ರಿ?”

“ಇಲ್ಲವ್ವಾ. ಔಷಧ ಇದು.”

“ಇಂಥಾ ಔಷಧ ಯಾವ ಡಾಕ್ಟರ್ ಬರಕೊಟ್ರು? ದನದ ಡಾಕ್ಟರೇನ್ರಿ?”

ನಗು ಬಂತು. ನಕ್ಕರೆ ಬಲ ಪಕ್ಕೆಯಿಂದ ಕಂಕುಳಿನವರೆಗೆ ಕರೆಂಟು ಹರಿಯುತ್ತದೆ. ಆದ್ದರಿಂದ ನಗಲಿಲ್ಲ.

ಈ ಅಂಕಣವನ್ನು ಹಿಂದಿನಿಂದ ಓದುತ್ತ ಬಂದವರಿಗೆ ನನ್ನ ಕಥೆ ಗೊತ್ತು. ಹೊಸಬರಿಗಾಗಿ ಮೂರೇ ವಾಕ್ಯಗಳಲ್ಲಿ ಹೇಳುತ್ತೇನೆ. ನಾನು ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸೀರೆ ಉಟ್ಟು, ‘ಅಕ್ಕೋರು’ ಎಂದು ಕರೆಸಿಕೊಂಡು, ಕನ್ನಡ ಕಲಿಸಿದೆ. ನಾನು ಗಂಡಸು ಎಂಬುದು ನನಗೆ ಎಂಟನೆಯ ವಯಸ್ಸಿನಲ್ಲಿ ಗೊತ್ತಾಯಿತು; ಊರಿಗೆ ಗೊತ್ತಾದದ್ದು ನನ್ನ ನಲವತ್ತಾರರಲ್ಲಿ, ಸ್ವಯಂ ನಿವೃತ್ತಿ ಪಡೆದ ಮೇಲೆ. ಒಂಬತ್ತು ವಾರಗಳ ಹಿಂದೆ ದೂರದ ಊರಿನ ಆಸ್ಪತ್ರೆಯೊಂದರಲ್ಲಿ ನನ್ನ ಎದೆಯನ್ನು ಗಂಡಸಿನ ಎದೆಯಾಗಿಸುವ ಶಸ್ತ್ರಚಿಕಿತ್ಸೆ ಆಯಿತು.

(ಮೂರೇ ಆದವು. ಎಣಿಸಿ ನೋಡಬಹುದು.)

ಶಸ್ತ್ರಚಿಕಿತ್ಸೆಗೆ ನಾನು ಹೆದರಿರಲಿಲ್ಲ. ಅದಕ್ಕೆ ಸಿದ್ಧತೆ ಮಾಡಿಕೊಂಡಿದ್ದೆ. ಬೇಕಾದ ಕಾಗದಗಳನ್ನು ಫೈಲಿನಲ್ಲಿ ಕ್ರಮವಾಗಿ ಜೋಡಿಸಿದ್ದೆ, ಕುಂದಗೋಳದ ತಂಗಿಯನ್ನು ನಾಲ್ಕು ವಾರಗಳ ಆರೈಕೆಗೆ ಕರೆಸಿಕೊಂಡಿದ್ದೆ. ಗಾಯ ಮಾಯಿತು. ತಂಗಿ ಊರಿಗೆ ಮರಳಿದಳು. ನಾನು ಸಿದ್ಧತೆ ಮಾಡಿಕೊಳ್ಳದಿದ್ದದ್ದು ಆಮೇಲೆ ಬಂದದ್ದಕ್ಕೆ.

ಬಲಗಡೆ ಅಂಗಿಯ ಗುಂಡಿ ತಾಗಿದರೆ ಸಾಕು, ಚರ್ಮದ ಮೇಲೆ ಯಾರೋ ಬೆಂಕಿಕಡ್ಡಿ ಗೀರಿದಂತಾಗುತ್ತದೆ. ಫ್ಯಾನಿನ ಗಾಳಿಯೂ ಚುಚ್ಚುತ್ತದೆ. ಎಡಗಡೆಯದು ಇದಕ್ಕೆ ತದ್ವಿರುದ್ಧ. ಅಲ್ಲಿ ಏನೂ ಇಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಹೇಗಿರುತ್ತದೆಯೋ ಹಾಗೆ. ಆದರೂ ಅಲ್ಲಿ ತುರಿಕೆ ಬರುತ್ತದೆ! ಕೆರೆದುಕೊಳ್ಳಲು ಹೋದರೆ ಉಗುರು ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ, ಎದೆಗೆ ಗೊತ್ತಾಗುವುದಿಲ್ಲ. ತುರಿಕೆ ಇರುವ ಜಾಗ ಎಲ್ಲಿದೆ ಎಂದು ಯಾರನ್ನು ಕೇಳುವುದು?

ಡಾಕ್ಟರನ್ನೇ ಕೇಳಿದೆ. ಕತ್ತರಿಸಿದ ನರ ಮತ್ತೆ ಬೆಳೆಯುವಾಗ ಹೀಗೇ, ಇದು ಗುಣವಾಗುವ ಲಕ್ಷಣವೇ ಎಂದರು. ಎಡಗಡೆ? “ಸ್ಪರ್ಶ ಮರಳಿ ಬಂದೀತು. ಆರು ತಿಂಗಳು, ವರ್ಷ ಹಿಡಿಯಬಹುದು. ಕೆಲವರಿಗೆ ಪೂರ್ತಿ ಬರುವುದಿಲ್ಲ.”

ಬಂದೀತು! ಈ ಕ್ರಿಯಾರೂಪವನ್ನು ನಾನು ಇಪ್ಪತ್ತೆರಡು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದ್ದೇನೆ. ಅದನ್ನು ಮೈಮೇಲೆ ಹೊತ್ತು ತಿರುಗಿರಲಿಲ್ಲ.

ಆರನೆಯ ವಾರ ಫಿಸಿಯೋಥೆರಪಿಯ ಮೇಡಂ ಒಂದು ಅಭ್ಯಾಸ ಹೇಳಿಕೊಟ್ಟರು. ಮೊದಲು ಮೆತ್ತನೆಯ ಬಟ್ಟೆ, ಆಮೇಲೆ ಸ್ವಲ್ಪ ಒರಟು, ಆಮೇಲೆ ಇನ್ನೂ ಸ್ವಲ್ಪ ಒರಟು. ದಿನಕ್ಕೆ ಮೂರು ಸಲ, ಒಂದೊಂದು ಕಡೆ ಎರಡೆರಡು ನಿಮಿಷ. ಮುಟ್ಟಿದ್ದೆಲ್ಲ ಅಪಾಯವಲ್ಲ ಎಂದು ನರಕ್ಕೆ ನಿಧಾನವಾಗಿ ಮನವರಿಕೆಯಾಗಬೇಕಂತೆ. ನಾನು ಹಳೆಯ ಧೋತರ, ಟವೆಲು, ಖಾದಿ, ಕಂಬಳಿ ಎಂದು ಹಗ್ಗದ ಮೇಲೆ ಸಾಲಾಗಿ ನೇತುಹಾಕಿದೆ. ನೋಟ್‌ಬುಕ್ಕಿನಲ್ಲಿ ಕೋಷ್ಟಕ ಗೆರೆ ಹೊಡೆದೆ.

ಗೋಣಿಚೀಲವನ್ನು ಅವರು ಹೇಳಿರಲಿಲ್ಲ. ಅದು ನಾನೇ ಸೇರಿಸಿಕೊಂಡ ಪಾಠ. ವಿಡಿಯೋ ಕಾಲ್‌ನಲ್ಲಿ ಅದನ್ನು ಕಂಡು ಮೇಡಂ ಬೆಚ್ಚಿದರು.

“ಸರ್, ಅದೇನದು? ಖಾದಿಯೇ ಇನ್ನೂ ಉರೀತಿದೆ ಅಂತ ನೀವೇ ಬರ್ದಿದೀರಿ. ಚರ್ಮ ಕಿತ್ತುಬಂದ್ರೆ ಏನ್ಮಾಡ್ತೀರಿ? ಅಷ್ಟು ಅವಸರ ಯಾಕೆ?”

ಅವಸರ ಯಾಕೆಂದು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮೂರಿನ ಬಸ್ ಸ್ಟ್ಯಾಂಡಿನ ಹತ್ತಿರ ದಾವಲಸಾಬರ ಟೇಲರ್ ಅಂಗಡಿಯಿದೆ. ಇಪ್ಪತ್ತು ವರ್ಷದ ಸ್ನೇಹ. ಎರಡು ವರ್ಷದ ಹಿಂದೆ ನಾನು ಮೊದಲ ಸಲ ಗಂಡಸರ ಅಂಗಿ ಹೊಲಿಯಲು ಬಟ್ಟೆ ಕೊಟ್ಟಾಗ ಅವರು ಒಂದೇ ಪ್ರಶ್ನೆ ಕೇಳಿದ್ದರು: “ಕಿಸೆ ಒಂದ ಇಡ್ಲ್ಯಾ, ಎರಡ ಇಡ್ಲ್ಯಾ?” (ಎರಡು ಎಂದಿದ್ದೆ.) ಪ್ರತಿ ರಂಜಾನಿಗೆ ಅವರ ಮನೆಯಲ್ಲಿ ನನಗೆ ಸುರಕುಂಬಾ. ಖರ್ಜೂರ, ಶಾವಿಗೆ ಹಾಕಿದ ಆ ಹಾಲನ್ನು ಇಷ್ಟು ವರ್ಷ ನಾನು ಅವರ ಹೆಂಡತಿ ಮಾಬೂಬಿಯ ಜೊತೆ ಒಳಗೆ, ಪರದೆಯ ಹಿಂದೆ, ಹೆಂಗಸರ ನಡುವೆ ಕೂತು ಕುಡಿದಿದ್ದೇನೆ. ಪರದೆಯ ಸಂದಿಯಲ್ಲಿ ಅಂಗಳ ಕಾಣುತ್ತಿತ್ತು. ಈದ್ಗಾದಿಂದ ನಮಾಜು ಮುಗಿಸಿ ಬಂದ ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿದ್ದರು. ಬಲಕ್ಕೊಮ್ಮೆ, ಎಡಕ್ಕೊಮ್ಮೆ, ಮತ್ತೆ ಬಲಕ್ಕೊಮ್ಮೆ. ಹಿಂದೂಗಳಿಗೂ ಅದೇ ಲೆಕ್ಕ. ಗಂಡಸಾಗಿ ಅಂಗಳದಲ್ಲಿ ನಿಂತರೆ ಸಾಕು.

ಆ ಮೂರು ಅಪ್ಪುಗೆ ನನಗೆ ಬೇಕಿದ್ದವು. ಇಪ್ಪತ್ತು ವರ್ಷದಿಂದ ಬೇಕಿದ್ದವು. ಈ ವರ್ಷ ಅಂಗಳದಲ್ಲಿ ನಿಲ್ಲುವ ಎದೆ ಸಿಕ್ಕಿತು. ಆದರೆ ಅದು ಖಾದಿಯನ್ನೂ ತಾಳದು. ಅಪ್ಪಿಕೊಂಡವರ ಕೈಯಲ್ಲಿ ನಾನು ಚೀರಿದರೆ? ಮುಂದಿನ ವರ್ಷ ಯಾರು ಧೈರ್ಯ ಮಾಡುತ್ತಾರೆ? ಗೋಣಿಚೀಲ ಅದಕ್ಕೆ.

ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಹಬ್ಬದ ಅಂಗಿ ಹೊಲಿಸಲು ಹೋದಾಗ ದಾವಲಸಾಬರು ನನ್ನ ಎದೆಯ ಅಳತೆ ತೆಗೆದುಕೊಳ್ಳಲಿಲ್ಲ. ಟೇಪು ಅವರ ಕೊರಳಲ್ಲೇ ಇತ್ತು. ದೂರ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. “ಆತ್ರಿ ಸರ, ಗೊತ್ತಾತು” ಎಂದರು. ಏನು ಗೊತ್ತಾಯಿತು? ಹಿಂದೆಲ್ಲ ಟೇಪು ಹಿಡಿದು ಎರಡೆರಡು ಸಲ ಅಳೆಯುತ್ತಿದ್ದವರು ಈಗೇಕೆ ಮುಟ್ಟಲಿಲ್ಲ? ಮೊದಲಿನ ನಾನು ಅವರಿಗೆ ಸಹ್ಯ, ಈಗಿನ ನಾನು ಅಸಹ್ಯವೇ? ನಾಲ್ಕು ದಿನ ಈ ಪ್ರಶ್ನೆಯನ್ನು ಕೋಷ್ಟಕದ ಯಾವ ಮನೆಯಲ್ಲಿ ಬರೆಯಬೇಕೆಂದು ತಿಳಿಯದೆ ಒದ್ದಾಡಿದೆ.

ಹಬ್ಬದ ಬೆಳಿಗ್ಗೆ ಹೊಸ ಅಂಗಿ ಹಾಕಿಕೊಂಡೆ. ಒಳಗೆ ತೆಳುವಾದ ಮಲ್ಮಲ್ ಅಸ್ತರವಿತ್ತು. ನಾನು ಕೇಳಿರಲಿಲ್ಲ. ಗಮನಿಸಿದೆ, ಆದರೆ ಯೋಚಿಸಲಿಲ್ಲ. ನನ್ನ ಯೋಚನೆಯೆಲ್ಲ ಉಸಿರಿನ ಮೇಲಿತ್ತು. ಅಪ್ಪಿಕೊಳ್ಳುವ ಮೊದಲು ಉಸಿರು ಎಳೆದುಕೊಂಡು ಹಲ್ಲು ಕಚ್ಚಬೇಕು. ಬಲಗಡೆಗೆ ಮೊಣಕೈ ಸ್ವಲ್ಪ ಅಡ್ಡ ತರಬೇಕು. ಕನ್ನಡಿಯ ಮುಂದೆ ಹತ್ತು ಸಲ ಅಭ್ಯಾಸ ಮಾಡಿದೆ.

ದಾವಲಸಾಬರ ಅಂಗಳದಲ್ಲಿ ಏಳು ಮಂದಿ ಗಂಡಸರಿದ್ದರು. ಅಪ್ಪುಗೆ ನಡೆದಿತ್ತು. ನಾನು ಸಾಲಿನ ತುದಿಯಲ್ಲಿ ನಿಂತೆ. ಮೊದಲನೆಯವರು ಬಂದರು. ನಾನು ಉಸಿರು ಎಳೆದುಕೊಂಡೆ. ಅವರು ನನ್ನ ಕೈ ಹಿಡಿದು ಮೆಲ್ಲಗೆ ಅಲುಗಿಸಿ, “ಈದ್ ಮುಬಾರಕ್ ಸರ” ಎಂದು ಮುಂದೆ ಹೋದರು. ಎರಡನೆಯವರೂ ಹಾಗೆಯೇ. ಮೂರನೆಯವನು ನನ್ನ ಹಳೆಯ ವಿದ್ಯಾರ್ಥಿ, ಈಗ ಬಸ್ ಕಂಡಕ್ಟರ್. ತೋಳು ಚಾಚಿದವನು ಏನೋ ನೆನಪಾದಂತೆ ಥಟ್ಟನೆ ಹಿಂದೆಗೆದು ಕೈ ಮುಗಿದ.

ಏಳನೆಯವರು ದಾವಲಸಾಬರು. ಎರಡೂ ಕೈಗಳಿಂದ ನನ್ನ ಕೈ ಹಿಡಿದರು. ಅಷ್ಟೇ.

ಎಳೆದುಕೊಂಡ ಉಸಿರನ್ನು ಎಲ್ಲಿ ಬಿಡುವುದು?

ಅಷ್ಟರಲ್ಲಿ ಪರದೆ ಸರಿಸಿ ಮಾಬೂಬಿ ಕರೆದರು. “ಸರ, ಒಳಗ ಬರ್ರಿ. ಇಲ್ಲೆ ನಿಮಗ ಜಾಗಾ ಮಾಡೇನಿ.”

ಒಳಗೆ. ಪರದೆಯ ಹಿಂದೆ. ಮತ್ತೆ.

“ನಾ ಒಳಗ ಬರೂದಿಲ್ಲ!”

ಕೊನೆಯ ಬೆಂಚಿಗೆ ಮುಟ್ಟಿಸುವ ನನ್ನ ಹಳೆಯ ದನಿ ಅದು, ಈಗ ಗಡಸಾಗಿ ಇನ್ನೂ ದೂರ ಹೋಗುತ್ತದೆ. ಹೇಳಬಾರದೆಂದುಕೊಂಡದ್ದೆಲ್ಲ ಬಾಯಿಗೆ ಬಂತು.

“ಇಪ್ಪತ್ತು ವರ್ಷ ಆ ಪರದೆ ಹಿಂದ ಕುಂತೇನ್ರಿ ದಾವಲಸಾಬ್ರ. ಇವತ್ತ ನಿಮ್ಮ ಸಾಲಿನ್ಯಾಗ ನಿಂತೇನಿ. ಏಳು ಮಂದಿ ಕೈ ಮುಟ್ಟಿ ಮುಂದ ಹೋದ್ರಿ. ಒಬ್ಬರಿಗೂ ನಾ ಗಂಡಸು ಅನಸಲಿಲ್ಲೇನು?”

ದಾವಲಸಾಬರು ಹಣೆ ಚಚ್ಚಿಕೊಂಡರು.

“ಏನ್ ಮಾತ್ರೀ ಸರ ಇದು! ಹೊಸಾ ಹೊಲಿಗಿ ಐತ್ರಿ ನಿಮ್ದು. ಜಗ್ಗಿದ್ರ ಬಿಚ್ಚತೈತಿ. ಮೂವತ್ತ ವರ್ಷ ಮಷಿನ್ ತುಳದೇನಿ, ಇಷ್ಟ ತಿಳಿಯಂಗಿಲ್ಲೇನ್ರಿ ನನಗ?”

“ಈದ್ಗಾದಾಗ ಎಲ್ಲಾರ್ಗೂ ತಾಕೀತ ಮಾಡ್ಯಾರ್ರಿ,” ಎಂದರು ಮಾಬೂಬಿ. “ಸರಗ ಟಾಕಿ ಹಾಕ್ಯಾರ, ಯಾರೂ ಅಪ್ಪಿಗ್ಯಾಬ್ಯಾಡ್ರಿ ಅಂತ. ಹೊರಗಿನ ಕುರ್ಚಿ ಬೆನ್ನಿಗೆ ಒತ್ತತಾವು, ಒಳಗ ಗಾದಿ ಹಾಸು ಅಂತ ನನಗೂ ಅವರ ಹೇಳ್ಯಾರ. ಅಳತಿ ಸೈತ ಮುಟ್ಟಿ ತಗೊಳ್ಳಲಿಲ್ರಿ, ಟೇಪ್ ತಾಗೀತು ಅಂತ.”

ಪರದೆಯಾಚೆ ನಿಜವಾಗಿಯೂ ಗಾದಿಯಿತ್ತು. ಎರಡು ದಿಂಬು ಕೂಡ.

ಮುಟ್ಟಿದರೆ ಉರಿಯುವುದು ಎದೆಯ ಬಲಭಾಗ ಮಾತ್ರ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ತಪ್ಪು. ಮಲ್ಮಲ್ ಅಸ್ತರ ಮೈಮೇಲೇ ಇದ್ದರೂ ನನಗೆ ಬರೀ ಟೇಪು ಕಂಡಿತ್ತು. ಇಷ್ಟು ವರ್ಷ ದೂರವಿಡುವವರನ್ನು ನೋಡಿ ನೋಡಿ, ಕಾಳಜಿಯಿಂದ ದೂರ ನಿಂತವರನ್ನು ಗುರುತಿಸುವುದೇ ಮರೆತುಹೋಗಿದೆಯೇ ನನ್ನಂಥವರಿಗೆ? ಇದಕ್ಕೆ ಯಾವ ಬಟ್ಟೆಯ ಅಭ್ಯಾಸ?

“ಹೊಲಿಗಿ ಕೂಡೈತ್ರಿ,” ಎಂದೆ. ದನಿ ಸಣ್ಣದಾಗಿತ್ತು. “ಡಾಕ್ಟರ್ ನೋಡ್ಯಾರ. ಒಳಗಿನ ದಾರ ತಾನ ಕರಗೇತಿ.”

“ಕರಗೂ ದಾರಾ?” ದಾವಲಸಾಬರ ಹುಬ್ಬು ಮೇಲೇರಿತು. “ಅಂಥಾ ದಾರ ಹಾಕಿ ನಾ ಹೊಲದ್ರ ಗಿರಾಕಿ ನನ್ನ ಸುಮ್ನ ಬಿಡತಾರೇನ್ರಿ?”

ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ. ಕರೆಂಟು ಹರಿಯಿತು. ಹರಿಯಲಿ ಎಂದು ಬಿಟ್ಟೆ.

“ಅಪ್ಪಿಗೊಂಡ್ರ ನೋವಾಗತೈತಿ?” ದಾವಲಸಾಬರು ಕೇಳಿದರು.

“ಆಗತೈತ್ರಿ.”

“ಮತ್ತ?”

“ಆಗಲಿ.”

ದಾವಲಸಾಬರು ತೋಳು ಚಾಚಿದರು; ಅವರ ಅಂಗಿಗೆ ಅತ್ತರಿನ ವಾಸನೆಯಿತ್ತು. ಮೊದಲನೆಯದು ಬಲಕ್ಕೆ. ಮೊಣಕೈ ಅಡ್ಡ ತರುವುದು ನೆನಪಾಗಲಿಲ್ಲ. ಕಂಕುಳಿನಿಂದ ಎದೆಯ ನಡುವಿನವರೆಗೆ ಮಿಂಚು ಹೊಡೆಯಿತು. “ಅವ್ವಾ!” ಎಂದೆ, ಎಲ್ಲರಿಗೂ ಕೇಳುವಂತೆ. ದಾವಲಸಾಬರು ಕಾದ ಇಸ್ತ್ರಿ ಮುಟ್ಟಿದವರ ಹಾಗೆ ಹಿಂದೆ ಸರಿದರು.

“ಸಾಕ್ರಿ ಸರ, ಸಾಕು.”

“ಇನ್ನೂ ಎರಡು ಬಾಕಿ ಅದಾವ್ರಿ.”

ಎರಡನೆಯದು ಎಡಕ್ಕೆ. ನಾನು ಹಲ್ಲು ಕಚ್ಚಿ ಕಾದೆ. ಏನೂ ಬರಲಿಲ್ಲ. ಅವರ ಟೊಪ್ಪಿಗೆ ನನ್ನ ಭುಜದ ಮೇಲೆ ಕಾಣುತ್ತಿತ್ತು, ಅವರ ಅಂಗೈ ನನ್ನ ಬೆನ್ನ ಮೇಲಿತ್ತು, ಅತ್ತರಿನ ವಾಸನೆ ಮೂಗಿನಲ್ಲಿತ್ತು. ಎದೆಗೆ ಮಾತ್ರ ಯಾರೂ ಬಂದಿರಲಿಲ್ಲ. ಅಪ್ಪಿಕೊಂಡದ್ದನ್ನು ಕಣ್ಣಿನಿಂದ ನೋಡಿ ತಿಳಿದುಕೊಂಡೆ, ಪರದೆಯ ಹಿಂದಿನಿಂದ ನೋಡುತ್ತಿದ್ದ ಹಾಗೆಯೇ.

ಮೂರನೆಯದು ಮತ್ತೆ ಬಲಕ್ಕೆ. ಮತ್ತೆ ಮಿಂಚು. ಈ ಸಲ ಅದಕ್ಕಾಗಿ ಕಾಯುತ್ತಿದ್ದೆ ಎಂದರೆ ನಂಬುತ್ತೀರಾ? ಆಮೇಲೆ ಕಂಡಕ್ಟರ್ ಬಂದ, ಉಳಿದವರೂ ಒಬ್ಬೊಬ್ಬರಾಗಿ ಬಂದರು. ಗಾಜಿನ ಸಾಮಾನು ಎತ್ತಿಕೊಳ್ಳುವವರಂತೆ ಅಪ್ಪಿಕೊಂಡರು. ಸುರಕುಂಬಾ ನನಗೆ ಅಂಗಳಕ್ಕೇ ಬಂತು, ಗಾದಿಯ ಸಮೇತ.

ಮನೆಗೆ ಬಂದು ಗೋಣಿಚೀಲದ ತುಂಡನ್ನು ಗಿರಿಜವ್ವನ ಎಮ್ಮೆಗೆ ಎತ್ತಿಟ್ಟೆ. ಹಗ್ಗದ ಮೇಲೆ ಧೋತರವನ್ನು ಮತ್ತೆ ಮೊದಲಿಗೆ ಹಾಕಿದೆ. ಬಲಗಡೆಗೆ ಎರಡು ನಿಮಿಷ, ಉರಿಯಿತು, ಬರೆದುಕೊಂಡೆ. ಎಡಗಡೆಗೆ ಎರಡು ನಿಮಿಷ. ಕೋಷ್ಟಕದ ಆ ಮನೆ ಮೂರು ವಾರಗಳಿಂದ ಖಾಲಿಯಿದೆ, ಇವತ್ತೂ ಖಾಲಿ.

ಬಕ್ರೀದಿಗೆ ಇನ್ನು ಎರಡು ತಿಂಗಳು ಹತ್ತು ದಿನ. ಆ ಎರಡನೆಯ ಅಪ್ಪುಗೆ ಅಷ್ಟರೊಳಗೆ ನನ್ನನ್ನು ತಲುಪೀತೇ?