ಅತ್ತೆಯ ಹೆಬ್ಬೆರಳಿಗೆ ಎಂಟು ದಿನ ರಜೆ

ನಾಗಪುರದ ಸದರ್‌ನಲ್ಲಿರುವ ನಮ್ಮ ಆಫೀಸಿನ ಬಾಗಿಲಲ್ಲಿ ಹಾಜರಿಯ ಯಂತ್ರವೊಂದಿದೆ. ಹೆಬ್ಬೆರಳು ಒತ್ತಿದರೆ ಹಸಿರು ದೀಪ. ಗುರುತು ಸಿಗದಿದ್ದರೆ ಕೆಂಪು. ಈ ಸೋಮವಾರ ನನ್ನ ಮುಂದೆ ನಿಂತಿದ್ದ ಶೋಭಾಬಾಯಿ, ನಮ್ಮಲ್ಲಿ ನೆಲ ಒರೆಸುವಾಕೆ, ಮೂರು ಸಲ ಕೆಂಪು ನೋಡಿದಳು. ನಾಲ್ಕನೆಯ ಸಲ ಬೆರಳನ್ನು ಬೈತಲೆಗೆ ಉಜ್ಜಿಕೊಂಡು ಒತ್ತಿದಳು. ಹಸಿರು. ಅವಳು ಒಳಗೆ ಹೋದ ಮೇಲೂ ಗಾಜಿನ ಮೇಲೆ ಕೊಬ್ಬರಿ ಎಣ್ಣೆಯ ವಾಸನೆ ಉಳಿಯಿತು, ನನಗೆ ಅತ್ತೆ ನೆನಪಾದಳು.

ಮೊದಲೇ ಹೇಳಿಬಿಡುತ್ತೇನೆ: ನಾನು ಎಣಿಸುವವನು. ಬೇಸಿಗೆಯಲ್ಲಿ ಕೂಲರಿಗೆ ಎಷ್ಟು ಬಕೆಟ್ ನೀರು ಹಾಕಿದೆ, ಮೆಟ್ಟಿಲು ಎಷ್ಟು ಹತ್ತಿದೆ, ಎಲ್ಲವೂ ತಾರೀಖಿನ ಸಮೇತ ದಿನಚರಿಯಲ್ಲಿರುತ್ತದೆ. "ನೀ ಎಣಸೂದರಾಗ ಮಾವಿನಕಾಯಿ ಹಣ್ಣಾಗಿ ಉದರತಾವ" ಎಂದು ಅತ್ತೆ ಹಂಗಿಸುತ್ತಾಳೆ. ಅದನ್ನು ಎಷ್ಟು ಸಲ ಹೇಳಿದ್ದಾಳೆ ಎಂಬುದೂ ನನ್ನಲ್ಲಿದೆ.

ಅತ್ತೆ ನನ್ನ ತಂದೆಯ ಅಕ್ಕ. ಅಜ್ಜ ರೈಲ್ವೆಯ ಬದಲಿಯ ಮೇಲೆ ಹುಬ್ಬಳ್ಳಿಯಿಂದ ನಾಗಪುರಕ್ಕೆ ಬಂದಾಗ ಜೊತೆಗೆ ಬಂದವಳು, ಉಮರೇಡ್ ರಸ್ತೆಯ ಹಳ್ಳಿಯೊಂದರ ಕಿತ್ತಳೆ ತೋಟದವರ ಮಗನನ್ನು ಮದುವೆಯಾಗಿ ಇಲ್ಲೇ ಉಳಿದಳು. ಮೂರು ಎಕರೆ ಅವಳ ಹೆಸರಿನಲ್ಲೇ ಇದೆ. ಯಾವುದೋ ದೊಡ್ಡ ಜಗಳದ ರಾಜಿಗೆಂದು ಅವಳ ಗಂಡ, ಅಂದರೆ ಮಾಮಾ, ಬರೆದುಕೊಟ್ಟದ್ದು. ಜಗಳ ನನ್ನ ದಿನಚರಿಗಿಂತ ಹಳೆಯದು, ಹಾಗಾಗಿ ವಿವರವಿಲ್ಲ. ಈ ಊರು ಅವಳ ಸೀರೆ ಉಡುವ ರೀತಿಯನ್ನೂ ಅರ್ಧ ನಾಲಿಗೆಯನ್ನೂ ಬದಲಿಸಿತು. ಜೋಳದ ರೊಟ್ಟಿಯನ್ನು ಬದಲಿಸಲಾಗಲಿಲ್ಲ. ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ, ಪಾತ್ರೆಯನ್ನು ಬೂದಿಯಲ್ಲೇ ತಿಕ್ಕುತ್ತಾಳೆ, ಉಳಿದ ಹೊತ್ತು ಕುಡುಗೋಲು.

ಎರಡು ವರ್ಷದ ಹಿಂದೆ ಅವಳು ಹೊಲದ ಆಚೆ ತುದಿಯಲ್ಲಿ ಮುನ್ನೂರು ಕಿತ್ತಳೆ ಸಸಿ ನೆಟ್ಟಿದ್ದಳು. ಬೇಸಿಗೆಯ ಬಿಸಿಲಿಗೆ ಅವು ಬಾಡತೊಡಗಿದಾಗ ಕೊಡದಲ್ಲಿ ನೀರು ಹೊತ್ತಳು. ಅಷ್ಟರಲ್ಲಿ ಹನಿ ನೀರಾವರಿಯ ಸರ್ಕಾರಿ ಯೋಜನೆಯ ಲಾಟರಿಯಲ್ಲಿ ಅವಳ ಹೆಸರು ಬಂತು. ತಿಂಗಳೊಳಗೆ ಸೇವಾ ಕೇಂದ್ರಕ್ಕೆ ಹೋಗಿ ಹೆಬ್ಬೆರಳು ಒತ್ತಿ ತಾನೇ ತಾನೆಂದು ತೋರಿಸಬೇಕು, ಇಲ್ಲದಿದ್ದರೆ ಸರದಿ ಮುಂದಿನವರಿಗೆ. ಕಾಗದದ ಕೆಲಸವೆಂದು ನನ್ನನ್ನು ಕರೆಸಿದಳು.

ದಿನಚರಿಯಲ್ಲಿ ಹೀಗಿದೆ: "ಏಪ್ರಿಲ್ 4. ಒತ್ತಿದ್ದು 17. ಕೆಂಪು 17."

ಸಾಲಿನಲ್ಲಿದ್ದವರೆಲ್ಲ ವೈದ್ಯರಾದರು. ಒಬ್ಬರು ಕೂದಲಿಗೆ ಉಜ್ಜಿ ಎಂದರು, ಒಬ್ಬರು ವ್ಯಾಸಲೀನ್ ಎಂದರು, ಇನ್ನೊಬ್ಬರು ಕಿತ್ತಳೆ ಸಿಪ್ಪೆ ಹಿಂಡಿಯೇಬಿಟ್ಟರು. ಫೋನಿಗೆ ಬರುವ ಓಟಿಪಿಯಿಂದಲೂ ಆಗುತ್ತದೆಂದು ತಿಳಿದು ಹಿಗ್ಗಿದೆವು. ಆದರೆ ದಾಖಲೆಯಲ್ಲಿದ್ದದ್ದು ಮಾಮಾ ಹಿಂದೊಮ್ಮೆ ಬಾವಿಗೆ ಬೀಳಿಸಿದ ಫೋನಿನ ನಂಬರು. ಅದನ್ನು ಬದಲಿಸಲು ಏನು ಮಾಡಬೇಕು? ಹೆಬ್ಬೆರಳು ಒತ್ತಬೇಕು.

ಯಂತ್ರದ ಹಿಂದೆ ಕೂತಿದ್ದ ಮೇಡಂ ಅತ್ತೆಯ ಕೈಯನ್ನು ಬೆಳಕಿಗೆ ಹಿಡಿದು ನೋಡಿ, "ಕಾಕೂ, ಆಪ್ ಕಾಮ್ ಬಹುತ್ ಕರತೀ ಹೋ" ಎಂದರು. ದುಡಿದು ದುಡಿದು ಬೆರಳಿನ ಗೆರೆಗಳು ಸವೆದಿವೆ, ಎಂಟು ದಿನ ಕೈಗೆ ಕೆಲಸವೇ ಕೊಡಬೇಡಿ, ಮತ್ತೆ ಮೂಡುತ್ತವೆ ಎಂದೂ ಹೇಳಿದರು. ಅಂದರೆ ರೈತಳೆಂದು ತೋರಿಸಿಕೊಳ್ಳಲು ಅತ್ತೆ ಎಂಟು ದಿನ ರೈತಳಾಗಿರಬಾರದು.

ನಾನು ಆಫೀಸಿಗೆ ರಜೆ ಹಾಕಿ ಗೋಡೆಗೆ ಪಟ್ಟಿ ಅಂಟಿಸಿದೆ. ಹೊಲ: ಮಾಮಾ. ರೊಟ್ಟಿ, ಪಾತ್ರೆ: ನಾನು. ಅತ್ತೆ: ಏನೂ ಇಲ್ಲ.

"ನನಗೆ ಮೊಣಕಾಲ್ ನೋವು ಆಹೇ" ಎಂದರು ಮಾಮಾ, ನಲವತ್ತು ವರ್ಷದಲ್ಲಿ ಕಲಿತ ಅಷ್ಟೂ ಕನ್ನಡವನ್ನು ಒಟ್ಟು ಮಾಡಿ.

"ಕೊಡ ಹೊರೂದು ಹೆಗಲ ಮ್ಯಾಲ, ಮೊಣಕಾಲ ಮ್ಯಾಲಲ್ಲ. ಚಲೋ, ಜಲ್ದಿ!" ಎಂದಳು ಅತ್ತೆ.

ಮೂರನೆಯ ದಿನ ಮಧ್ಯಾಹ್ನ ದನದ ಕೊಟ್ಟಿಗೆಯ ಹಿಂದೆ ಬೂದಿಯ ಸರಸರ ಕೇಳಿತು. ಹೋಗಿ ನೋಡಿದರೆ ಅತ್ತೆ, ಮಡಿಲಲ್ಲಿ ಪಾತೇಲಿ.

"ಎಡಗೈಲೆ ತಿಕ್ಕಾಕತ್ತೇನೋ ತಮ್ಮಾ! ಗೌರ್ಮೆಂಟಿಗೆ ಬೇಕಾದ್ದು ಬಲಗೈ!"

ನಾನು ಪಾತೇಲಿ ಕಸಿದುಕೊಂಡು ಪಟ್ಟಿಯಲ್ಲಿ ಒಂದು ತಪ್ಪು ಗುರುತು ಹಾಕಿದೆ. ಅವಳು ಬೈಯಲಿಲ್ಲ. ಎರಡೂ ಕೈಯನ್ನು ತೊಡೆಯ ಮೇಲಿಟ್ಟಳು, ಸೆರಗಿನಲ್ಲಿ ಸುತ್ತಿದಳು, ಮತ್ತೆ ತೆಗೆದಳು. "ಖಾಲಿ ಕೂತು ರೂಢಿ ಇಲ್ಲೋ. ಈ ಕೈ ಎಲ್ಲಿ ಇಡಬೇಕಂತ ತಿಳೀವಲ್ದು" ಎಂದಳು. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ನನಗೂ ತಿಳಿಯಲಿಲ್ಲ.

ನನ್ನ ಕಾಲಮ್ಮು ಮಾತ್ರ ತುಂಬುತ್ತಿತ್ತು. ಎಂಟು ದಿನಕ್ಕೆ ಬಡಿದ ರೊಟ್ಟಿ 131, ದುಂಡಗಿದ್ದವು 6, ಹೆಂಚಿಗೆ ಬೆರಳು ತಾಗಿದ್ದು 23. ಮಾಮಾ ಪ್ರತಿ ರೊಟ್ಟಿಯನ್ನೂ ಎತ್ತಿ ಹಿಡಿದು, ಇದು ವಿದರ್ಭ, ಇದು ಕೊಂಕಣ ಎಂದು ಹೆಸರಿಟ್ಟು ತಿಂದರು.

ಒಂಬತ್ತನೆಯ ದಿನ, ವ್ಯಾಸಲೀನ್ ಹಚ್ಚಿ ಮಗುವಿನ ಕೆನ್ನೆಯಂತಾಗಿದ್ದ ಹೆಬ್ಬೆರಳನ್ನು ಅತ್ತೆ ಒತ್ತಿದಳು. ಕೆಂಪು. ಉಸಿರು ಬಿಗಿಹಿಡಿದು ಮತ್ತೊಮ್ಮೆ ಒತ್ತಿದಳು. ಹಸಿರು! ಸಾಲಿನವರು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ, ಅಂದು ಕೇಂದ್ರಕ್ಕೆ ಬಂದಿದ್ದ ಕೃಷಿ ಇಲಾಖೆಯ ಹೊಸ ಸಾಹೇಬರು ಅತ್ತೆಯ ಕೈ ನೋಡಿ ಹುಬ್ಬೇರಿಸಿದರು. "ಕಾಕೂ, ಹಾಥ್ ತೋ ಬಡೇ ನರಮ್ ಹೈಂ. ಖೇತೀ ಕೌನ್ ಕರತಾ ಹೈ?" ಕೈ ಇಷ್ಟು ಮೆತ್ತಗಿದ್ದರೆ ಬೇಸಾಯ ಮಾಡುವವರು ಯಾರು ಎಂಬುದು ಅವರ ಅನುಮಾನ.

ಅತ್ತೆ ಹಿಂದಿಯನ್ನೂ ಮರಾಠಿಯನ್ನೂ ಬಿಟ್ಟು ಸಿಟ್ಟಿನ ಭಾಷೆಗೆ ಬಂದಳು. ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಸಾಹೇಬರ ಮೂಗಿನ ಕೆಳಗಿಟ್ಟಳು. "ನೋಡ್ರಿ! ಈ ಕಾರಕೂನನ ಕೈ ನನ್ನ ಕೆಲಸ ಎಂಟು ದಿನ ಮಾಡಿ ಹಿಂಗಾಗೈತಿ. ನಾ ನಲವತ್ತು ವರ್ಷ ಮಾಡೇನಿ, ಗೊತ್ತೈತೇನು?"

ಸಾಹೇಬರಿಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಗುಳ್ಳೆಗೆ ಅನುವಾದ ಬೇಕಿಲ್ಲ. ಅವರು ನನ್ನ ಕೈ ನೋಡಿದರು, ಬಾಗಿಲಲ್ಲಿ ಸೊಂಟ ಹಿಡಿದು ನಿಂತ ಮಾಮಾನನ್ನು ನೋಡಿದರು, ನಕ್ಕು ಅರ್ಜಿಯನ್ನು ಮುಂದಕ್ಕೆ ಕಳಿಸಿದರು. ಮನೆಗೆ ಬಂದ ಅತ್ತೆ ನೀರು ಕೂಡ ಕುಡಿಯದೆ ಬೂದಿ ಹುಡುಕಿದಳು.

ಕೊಳವೆಗಳು ಬರುವವರೆಗೆ ಮಾಮಾ ಕೊಡ ಇಳಿಸಲಿಲ್ಲ. ಮುನ್ನೂರು ಸಸಿಗಳಲ್ಲಿ 288 ಉಳಿದು ಈಗ ನನ್ನ ಎದೆಯೆತ್ತರ ಇವೆ. ಪ್ರತಿ ಭಾನುವಾರ ಹೋಗಿ ಎಣಿಸುತ್ತೇನೆ. ಎಣಿಸಲು ಬಂದವನನ್ನು ಅತ್ತೆ ಬರಿಗೈಯಲ್ಲಿ ಬಿಡುವುದಿಲ್ಲ. ಕಳೆ ಕೀಳಿಸುತ್ತಾಳೆ, ರೊಟ್ಟಿ ಬಡಿಯಲು ಹಚ್ಚುತ್ತಾಳೆ.

ಈ ಸೋಮವಾರದ ಮಾತು ಅರ್ಧಕ್ಕೆ ನಿಂತಿತ್ತಲ್ಲ. ಶೋಭಾಬಾಯಿಯ ನಂತರ ನನ್ನ ಸರದಿ. ಒತ್ತಿದೆ. ಕೆಂಪು. ಒರೆಸಿ ಒತ್ತಿದೆ. ಕೆಂಪು. ತಲೆಗೆ ಉಜ್ಜಿ ಒತ್ತಿದೆ. ಎಣ್ಣೆ ಕಾಣದ ತಲೆ, ಮತ್ತೆ ಕೆಂಪು. ಪೊರಕೆ ಹಿಡಿದು ಬಂದ ಶೋಭಾಬಾಯಿ ನಿಂತು ನೋಡಿದಳು. ತನ್ನ ಬೈತಲೆಯ ಎಣ್ಣೆಯನ್ನು ಬೆರಳಿಗೆ ತೆಗೆದು ನನ್ನ ಹೆಬ್ಬೆರಳಿಗೆ ಸವರಿ, ನಾನೂ ಕೆಲಸ ಮಾಡತೊಡಗಿದೆನೇ ಎಂದು ಕೇಳಿದಳು: "ಕ್ಯಾ ಭಾವೂ, ಕಾಮ್ ಕರನೇ ಲಗೇ ಕ್ಯಾ?"

ಹಸಿರು ಬಂತು. ದಿನಚರಿಯಲ್ಲಿ ಮಾತ್ರ ನಾನು ಕೆಂಪನ್ನಷ್ಟೇ ಬರೆದುಕೊಂಡೆ: ಮೂರು.