ಏನಾತು?

ಯಾರಾದರೂ ‘ಆತ್ರಿ’ ಎಂದರೆ ಸಾಕು, ನಮ್ಮ ವಿದ್ಯುತ್ ಉಪಕೇಂದ್ರದ ಹಿರಿಯ ಆಪರೇಟರ್ ಕನ್ನಡಕದ ಮೇಲಿಂದ ನೋಡಿ ‘ಏನಾತು?’ ಎಂದು ಕೇಳುತ್ತಿದ್ದರು. ಚಹಾ ತರಲು ಒಪ್ಪಿದವರನ್ನೂ ಬಿಡುತ್ತಿರಲಿಲ್ಲ. ನನಗೆ ಅದು ಕಿರಿಕಿರಿ. ನಮ್ಮ ಕಡೆ ಕೆಲಸ ಮುಗಿದರೂ ಆತು, ಹೇಳಿದ್ದಕ್ಕೆ ಒಪ್ಪಿದರೂ ಆತು, ಅದರಲ್ಲಿ ಕೇಳುವುದೇನಿದೆ?

ದುರಸ್ತಿಯ ದಿನ ಎಲ್ಲರ ಫೋನಿನಲ್ಲೂ ಒಂದೇ ಪಟ್ಟಿ ತೆರೆದಿರುತ್ತಿತ್ತು. ಊರಿನ ಹೆಸರು, ಅದರ ಕೆಳಗೆ ಆಗಬೇಕಾದ ಕೆಲಸಗಳು. ಕಂಬದ ಬಳಿ ಇದ್ದವರು ಬರೆದದ್ದು ಆ ಕ್ಷಣವೇ ನಮಗೆ ಕಾಣುತ್ತಿತ್ತು. ಅವತ್ತು ತಳಕಲ್ಲಿನ ಲೈನ್ ಬಂದ್ ಮಾಡಿ ಮೂರು ತಾಸಾಗಿತ್ತು. ಕರೆಂಟ್ ಯಾವಾಗ ಬರುತ್ತದೆಂದು ಊರಿನಿಂದ ಫೋನ್ ಮೇಲೆ ಫೋನ್. ಸಾಕಾಗಿ ನಾನು ಪಟ್ಟಿಯಲ್ಲಿ ‘ಲಗೂ ಮುಗಸ್ರಿ’ ಎಂದು ಬರೆದೆ. ಅದರ ಕೆಳಗೆ ಲೈನ್‌ಮನ್‌ನ ಉತ್ತರ ಮೂಡಿತು: ‘ಆತ್ರಿ.’

‘ಮುಗೀತಂತ್ರಿ, ಲೈನ್ ಚಾಲೂ ಮಾಡ್ತೀನಿ’ ಎಂದು ಸ್ವಿಚ್ಚಿಗೆ ಕೈ ಚಾಚಿದೆ. ಪಕ್ಕದಲ್ಲಿದ್ದ ಹಿರಿಯ ಆಪರೇಟರ್ ನನ್ನ ಮಣಿಕಟ್ಟು ಹಿಡಿದರು. ಇನ್ನೊಂದು ಕೈಯಿಂದ ಲೈನ್‌ಮನ್‌ಗೆ ಫೋನ್ ಹಚ್ಚಿದರು. ಅವನು ಎತ್ತಲಿಲ್ಲ. ಮತ್ತೆ ಹಚ್ಚಿದರು. ಮೂರನೇ ಸಲ ಏದುಸಿರಿನ ದನಿ ಕೇಳಿಸಿತು.

‘ಕಂಬದ ಮ್ಯಾಲ ಅದೀನ್ರಿ. ಲಗೂ ಮುಗಸ್ರಿ ಅಂದ್ರಲ್ಲ, ಅದಕ್ಕ ಆತ್ರಿ ಅಂದೆ.’

ಫೋನ್ ಇಟ್ಟ ಮೇಲೆ ಅವರು ಬೈಯಲಿಲ್ಲ. ‘ಇನ್ಮ್ಯಾಲ ಕೆಲಸ ಮುಗದ್ರ, ಎಲ್ಲಾರೂ ಕೆಳಗ ಇಳದೀವಿ ಅಂತನ ಬರೀಬೇಕು. ಪಟ್ಟಿ ತುದಿಗೆ ಅದನ್ನ ಹಾಕು’ ಎಂದರು.

‘ಆತ್ರಿ’ ಎಂದೆ.

ಮಣಿಕಟ್ಟು ಇನ್ನೂ ಅವರ ಮುಷ್ಟಿಯಲ್ಲೇ ಇತ್ತು.

‘ಏನಾತು?’