ರೇಡಿಯೊ ಹ್ಯೂಯಿಯ ಬಾಯಿಗೆ ಬಿದ್ದ ಬೀಗ

ನಮ್ಮೂರು ಗಲ್ ಕೋವ್‌ನಲ್ಲಿ ಹ್ಯೂಯಿ ಮೆಕ್ಯಾಸ್ಕಿಲ್ ಮನೆ ಯಾವುದು ಎಂದು ಕೇಳಿದರೆ ನಮ್ಮವರು ತಲೆ ಕೆರೆದುಕೊಳ್ಳುತ್ತಿದ್ದರು. ಆ ಹೆಸರಿನವರು ಕೇಪ್ ಬ್ರೆಟನ್ ದ್ವೀಪದ ತುಂಬ ಇದ್ದಾರೆ. ರೇಡಿಯೊ ಹ್ಯೂಯಿ ಅನ್ನಬೇಕು. ಆಗ ಚಿಕ್ಕ ಮಕ್ಕಳೂ ಕೈ ತೋರಿಸುತ್ತಿದ್ದರು. ಮನೆ ಬೆಚ್ಚಗಿಡುವ ಎಣ್ಣೆಯನ್ನು ಲಾರಿಯಲ್ಲಿ ತಂದು ಮನೆಮನೆಯ ಟ್ಯಾಂಕಿಗೆ ತುಂಬುವುದು ಅವನ ಕಸುಬು. ಟ್ಯಾಂಕು ಬೇಗ ತುಂಬುತ್ತಿತ್ತು, ಅವನ ಮಾತು ಮುಗಿಯುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಯಾರ ಮಗಳಿಗೆ ಯಾವ ಗಂಡು ಗೊತ್ತಾಯಿತು, ಯಾರ ದೋಣಿ ಎಲ್ಲಿ ಕೆಟ್ಟು ನಿಂತಿದೆ, ಪಾದ್ರಿಗಳ ಹಲ್ಲುನೋವು ಹೇಗಿದೆ, ಎಲ್ಲವೂ ಬಂದುಬಿಡುತ್ತಿತ್ತು. ಸುಳ್ಳು ಹೇಳುವ ಬಾಯಲ್ಲ ಅದು. ಸುಮ್ಮನಿರಲಾರದ ಬಾಯಿ, ಅಷ್ಟೆ.

ಇಂಥ ಮನುಷ್ಯನನ್ನು ಹಿಡಿದು ಕೊಲೆ ಮೊಕದ್ದಮೆಯ ತೀರ್ಪು ಹೇಳುವ ಜ್ಯೂರಿಯಲ್ಲಿ ಕೂರಿಸಿದರು ನೋಡಿ. ಜಿಲ್ಲೆಯ ಚೀಟಿಯಲ್ಲಿ ಹನ್ನೆರಡು ಜನರ ಹೆಸರು ಎತ್ತಿದಾಗ ಇವನದೂ ಬಂತು. ಕೋರ್ಟಿನಲ್ಲಿ ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, "ಈ ಮೊಕದ್ದಮೆಯ ಬಗ್ಗೆ ಯಾರ ಹತ್ರಾನೂ ಮಾತಾಡೋ ಹಾಗಿಲ್ಲ, ಯಾರು ಮಾತಾಡಿದ್ರೂ ಕೇಳಿಸಿಕೊಳ್ಳೋ ಹಾಗಿಲ್ಲ. ನಿಮ್ಮ ಕೈಲಾಗತ್ತಾ?" ಎಂದರಂತೆ. ಹ್ಯೂಯಿ ಆಗತ್ತೆ ಎಂದ. ಸುದ್ದಿ ಊರು ಮುಟ್ಟಿದಾಗ ಕಾಫಿ ಅಂಗಡಿಯಲ್ಲಿ ನಗು ನಿಲ್ಲಲಿಲ್ಲ. ಅವನ ಹೆಂಡತಿ ಎಫಿ ಮಾತ್ರ ನಗಲಿಲ್ಲ. ಅವಳ ಸಂಕಟವೇ ಬೇರೆ. ಆ ಕೊಲೆಯ ವಿಷಯದಲ್ಲಿ ಇಡೀ ಕರಾವಳಿಯಲ್ಲಿ ಅವಳಷ್ಟು ವಾದ ಮಾಡಿದವರು ಇನ್ನೊಬ್ಬರಿರಲಿಲ್ಲ.

ವಿಷಯ ಇಷ್ಟು. ನಮ್ಮಿಂದ ಅರ್ಧ ಗಂಟೆ ದಾರಿಯ ಬ್ರೌನ್ಸ್ ಹೆಡ್‌ನಲ್ಲಿ ಲಾಕಿ ಪೆಟ್ರಿ ಎಂಬ ಮೀನುಗಾರ ಮೇ ತಿಂಗಳ ಒಂದು ಸಂಜೆ ತಲೆಯೊಡೆದು, ದೋಣಿ ಕಟ್ಟುವ ದಕ್ಕೆಯ ಪಕ್ಕದ ನೀರಿನಲ್ಲಿ ಸತ್ತು ಬಿದ್ದಿದ್ದ. ಅದೇ ಊರಿನ ವಿನ್ಸ್ ಬೂದ್ರೊ ಎಂಬ ಹುಡುಗನನ್ನು ಪೊಲೀಸರು ಹಿಡಿದರು. ಲಾಬ್‌ಸ್ಟರ್ ಎಂಬ ದೊಡ್ಡ ಸೀಗಡಿ ಹಿಡಿಯುವ ಬೋನಿನ ಹಗ್ಗ ಕತ್ತರಿಸಿದ್ದು ಯಾರು ಎಂದು ಇಬ್ಬರಿಗೂ ಆ ವಾರವೇ ಮೈಕೈ ಮುಟ್ಟುವಷ್ಟು ಜಗಳವಾಗಿತ್ತು. ತಲೆಗೆ ಹೊಡೆದದ್ದು ಇದರಿಂದಲೇ ಎಂದು ಪೊಲೀಸರು ನೀರಿನಿಂದ ತೆಗೆದ ಕೊಕ್ಕೆಕೋಲಿನ ಹಿಡಿಗೆ ವಿನ್ಸ್‌ನ ದೋಣಿಯ ಹಸಿರು ಬಣ್ಣವೇ ಇತ್ತು. ಮೇಲಾಗಿ ಮಿನ್ನಿ ಫೂಜೇರ್ ಎಂಬ ವಿಧವೆ, ಮಬ್ಬುಗತ್ತಲಲ್ಲಿ ತನ್ನ ಅಡುಗೆಮನೆ ಕಿಟಕಿಯಿಂದ ಕಿತ್ತಳೆ ಬಣ್ಣದ ಮಳೆಯಂಗಿ ತೊಟ್ಟವನೊಬ್ಬ ದಕ್ಕೆಯ ಮೇಲೆ ದಾಪುಗಾಲು ಹಾಕಿ ಓಡುವುದನ್ನು ಕಂಡೆ, ಹೆಜ್ಜೆ ನೋಡಿದರೆ ವಿನ್ಸೇ, ಎಂದು ಸಾಕ್ಷಿ ಹೇಳಿದಳು.

ಅಷ್ಟು ಸಾಕಾಯಿತು. ಕೋರ್ಟಿನಲ್ಲಿ ಇದ್ದವರು ಇಬ್ಬರೇ ವಕೀಲರು, ನಮ್ಮ ಕಾಫಿ ಅಂಗಡಿಯಲ್ಲಿ ಕೂತವರೆಲ್ಲ ವಕೀಲರು.

"ಕೊಕ್ಕೆ ಅವನದು, ಜಗಳ ಅವನದು, ಓಡಿದ್ದೂ ಅವನೇ. ಇನ್ನೇನು, ಅವನೇ ಬಂದು ನಿನ್ ಕೈಗೆ ಬರ್ದು ಕೊಡ್ಬೇಕಿತ್ತಾ?" ಎಂದಳು ಎಫಿ.

"ಅಲ್ಲ ಕಣೇ, ದಕ್ಕೆ ಮೇಲೆ ಕೊಕ್ಕೆ ಬಿದ್ದೇ ಇರ್ತಾವೆ, ಯಾರ್ ಬೇಕಾದ್ರೂ ಎತ್ಕೋಬಹುದು," ಎಂದ ಅವಳ ತಮ್ಮ ಡ್ಯಾನ್ ಅಲೆಕ್. "ನಿನ್ ಗಂಡನ ಟೋಪಿ ಹಾಕ್ಕೊಂಡು ನಾನು ಬ್ಯಾಂಕ್ ದೋಚಿದ್ರೆ ಅವನನ್ನ ಒಳಗ್ ಹಾಕಿಸ್ತೀಯಾ?"

"ಹಾಕಿಸ್ತೀನಿ. ಸ್ವಲ್ಪ ದಿನ ಮನೆ ತಣ್ಣಗಿರತ್ತೆ."

ಇತ್ತ ಹ್ಯೂಯಿಯ ಪಾಡು ಕೇಳಬೇಡಿ. ಹಗಲೆಲ್ಲ ಕೋರ್ಟಿನಲ್ಲಿ ಕೂತು ಸಂಜೆ ಮನೆಗೆ ಬಂದರೆ ಎಫಿಯ ಹೊಟ್ಟೆಯಲ್ಲಿ ಊರಿನ ಮಾತೆಲ್ಲ ಕುದಿಯುತ್ತಿರುತ್ತಿತ್ತು. ಅವಳು "ಅಲ್ಲಾ ಹ್ಯೂಯಿ, ಆ ಕೊಕ್ಕೆ..." ಎಂದು ಬಾಯಿ ತೆರೆದರೆ ಸಾಕು, ಅವನು ಎದ್ದು ವ್ಯಾಕ್ಯೂಮ್ ಕ್ಲೀನರ್ ಚಾಲೂ ಮಾಡುತ್ತಿದ್ದ. ಆ ಯಂತ್ರದ ಆರ್ಭಟದಲ್ಲಿ ಅವಳ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬರೀ ಕೇಳಿಸಿಕೊಂಡರೂ ನ್ಯಾಯಾಧೀಶರಿಗೆ ಹೋಗಿ ಹೇಳಬೇಕು, ಇಡೀ ಮೊಕದ್ದಮೆಯೇ ಕೆಡಬಹುದು ಎಂಬ ಹೆದರಿಕೆ ಅವನಿಗೆ. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನೆಯ ನೆಲ ಅಷ್ಟು ಚೊಕ್ಕಟವಾಗಿ ಇದ್ದದ್ದು ಅದೇ ಮೊದಲು.

ಆಮೇಲೆ ನಡೆದದ್ದು ಎಫಿಯದೇ ತಲೆ. ಮಿನ್ನಿ ಸಾಕ್ಷಿ ಹೇಳಿ ಮುಗಿಸಿದ ವಾರ, ಭಾನುವಾರದ ಪೂಜೆ ಬಿಟ್ಟದ್ದೇ ತಡ, ಎಫಿ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ಸುಮ್ನೆ ಬಾಯಿ ನೋಯಿಸ್ಕೊಳ್ಳೋದ್ ಯಾಕೆ? ಆ ಕಿಟಕಿಯಿಂದ ಮನುಷ್ಯ ಗೊತ್ತಾಗ್ತಾನಾ ಅಂತ ಹೋಗಿ ನೋಡೇ ಬಿಡೋಣ," ಎಂದಳು. ಮೂರು ಕಾರಿನ ತುಂಬ ಜನ ಬ್ರೌನ್ಸ್ ಹೆಡ್‌ಗೆ ಹೊರಟರು. ಪಾದ್ರಿ ಮೆಕಿಸಾಕ್ ಅವರು ಇದು ತಪ್ಪು ಎನ್ನುತ್ತಲೇ ಎರಡನೆಯ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಮಿನ್ನಿಗೆ ಸಂಭ್ರಮವೋ ಸಂಭ್ರಮ. ಚಹಾ ಇಟ್ಟಳು, ಓಟ್ಸ್ ರೊಟ್ಟಿ ತಂದಳು, ಕಿಟಕಿಯ ಪರದೆ ಸರಿಸಿ, ಅವತ್ತು ತಾನು ಪಾತ್ರೆ ತೊಳೆಯುತ್ತಿದ್ದ ಜಾಗ ತೋರಿಸಿದಳು. ಡ್ಯಾನ್ ಅಲೆಕ್ ಕಿತ್ತಳೆ ಮಳೆಯಂಗಿ ಹಿಡಿದು ದಕ್ಕೆಗೆ ಹೋದ. ಸೂರ್ಯ ಇಳಿಯುವವರೆಗೂ ಕಾದರು. ಆ ಪುಟ್ಟ ಅಡುಗೆಮನೆಯಲ್ಲಿ ಒಬ್ಬರ ಹೆಗಲ ಮೇಲಿಂದ ಒಬ್ಬರು ಇಣುಕುತ್ತ, ಕಾಲು ತುಳಿಯುತ್ತ ನಿಂತರು. ದಕ್ಕೆಯ ಮೇಲೆ ಕಿತ್ತಳೆ ಬಣ್ಣ ಕಂಡಿತು. ನಾಲ್ಕು ಹೆಜ್ಜೆ ಓಡಿ ಮರೆಯಾಯಿತು.

"ಕಂಡ್ರಾ? ನನ್ ತಮ್ಮ. ಎತ್ತಿ ಆಡ್ಸಿದೀನಿ ಅವನನ್ನ, ಆ ಹೆಜ್ಜೆ ಗೊತ್ತಾಗಲ್ವಾ ನಂಗೆ? ಮಿನ್ನಿಗೂ ಹಂಗೇ ಗೊತ್ತಾಗಿದ್ದು," ಎಂದಳು ಎಫಿ.

ಬಾಗಿಲು ತೆರೆಯಿತು. ಮಳೆಯಂಗಿ ತೊಟ್ಟು ಏದುಸಿರು ಬಿಡುತ್ತ ಒಳಗೆ ಬಂದವರು ಪಾದ್ರಿ ಮೆಕಿಸಾಕ್. ಡ್ಯಾನ್ ಅಲೆಕ್‌ಗೆ ಚಹಾ ಹೆಚ್ಚಾಗಿ ಪೊದೆಯ ಹಿಂದೆ ಹೋಗಬೇಕಾಗಿ ಬಂದಿತ್ತಂತೆ, ಕತ್ತಲಾಗುತ್ತದಲ್ಲ ಎಂದು ಅವನ ಜೊತೆಗೆ ಹೋಗಿದ್ದ ಪಾದ್ರಿಗಳೇ ತೊಟ್ಟು ಓಡಿದ್ದರು.

ನಗು ಅಂದರೆ ನಗು. ಮಿನ್ನಿಯ ಬಟ್ಟಲೊಂದು ಒಡೆಯಿತು. ಎಫಿ ಮಾತ್ರ ಕೆಂಪಗಾಗಿ, "ಅವತ್ತು ಬೆಳಕು ಹೆಚ್ಚಿತ್ತು," ಎಂದಳು. ದಾರಿಯುದ್ದಕ್ಕೂ ಅದನ್ನೇ ಹೇಳಿದಳು. ಇಷ್ಟೆಲ್ಲ ಆದದ್ದನ್ನು ಗಂಡನಿಗೆ ಹೇಳಲಾರದೆ ಅವಳು ಒದ್ದಾಡಿದ್ದನ್ನು ನೆನೆದರೆ ನನಗೆ ಈಗಲೂ ಪಾಪ ಅನ್ನಿಸುತ್ತದೆ. ಅವಳು ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಅವನು ಯಂತ್ರದ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

ಸಾಕ್ಷಿ, ವಾದ ಎಲ್ಲ ಮುಗಿದು, ತೀರ್ಪು ಯೋಚಿಸಲು ಜ್ಯೂರಿ ಒಳಗೆ ಹೋಯಿತು. ಎರಡು ದಿನ ಹೊರಗೆ ಬರಲಿಲ್ಲ. ಕಾಫಿ ಅಂಗಡಿ ಬಾಗಿಲು ಹಾಕುವುದನ್ನೇ ಮರೆಯಿತು. ಮೂರನೆಯ ದಿನ ರೇಡಿಯೊದಲ್ಲಿ ತೀರ್ಪು ಬಂತು: ವಿನ್ಸ್ ಬೂದ್ರೊ ತಪ್ಪಿತಸ್ಥನಲ್ಲ.

ಎಫಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕೂತಳು. ಹನ್ನೆರಡೂ ಜನ ಒಂದೇ ಮಾತು ಹೇಳದೆ ತೀರ್ಪು ಬರುವುದಿಲ್ಲ. ಅಂದರೆ ಹ್ಯೂಯಿಯೂ ಹಾಗೇ ಹೇಳಿದ್ದ.

ಸಂಜೆ ಅವನು ಬರುವಷ್ಟರಲ್ಲಿ ಅಂಗಳದಲ್ಲಿ ಜನ. ಮೊಕದ್ದಮೆ ಮುಗಿಯಿತಲ್ಲ, ಇನ್ನು ರೇಡಿಯೊ ಚಾಲೂ ಆಗುತ್ತದೆ ಎಂದು ಎಲ್ಲರೂ ಕಿವಿ ತೆರೆದು ನಿಂತಿದ್ದರು. ಹ್ಯೂಯಿ ಲಾರಿಯಿಂದ ಇಳಿದು ಟೋಪಿ ತೆಗೆದ. ಜ್ಯೂರಿ ಕೋಣೆಯಲ್ಲಿ ಯಾರು ಏನಂದರು, ಯಾಕಂದರು ಎಂಬುದನ್ನು ಸಾಯುವವರೆಗೂ ಯಾರಿಗೂ ಹೇಳಬಾರದು, ಹೇಳಿದರೆ ಅದೇ ಅಪರಾಧ, ದೇಶದ ಕಾನೂನು ಎಂದ.

"ಹೆಂಡ್ತಿಗೂ?" ಎಂದಳು ಎಫಿ.

"ಹೆಂಡ್ತಿಗೂ."

ಅಲ್ಲಿಂದ ಅವನ ಚಳಿಗಾಲ ಶುರುವಾಯಿತು. ಊರು ಅವನನ್ನು ಬಿಡಲಿಲ್ಲ. "ಮಾತಾಡ್ಬೇಡ ಮಾರಾಯ, ಬರೀ ತಲೆ ಆಡ್ಸು," ಎಂದವರುಂಟು. ಮುದುಕಿ ಕೇಟಿ ಬೆಲ್ಲದ ಬಿಸ್ಕತ್ತು ಮುಂದಿಟ್ಟು, "ಮಿನ್ನಿ ಮಾತು ನಂಬಿದ್ರೆ ಎರಡು ತಿನ್ನು, ನಂಬದಿದ್ರೆ ಒಂದು," ಎಂದಳು. ಹ್ಯೂಯಿ ಒಂದನ್ನೂ ಮುಟ್ಟದೆ ಎದ್ದುಬಂದ. ಅವನಿಗೆ ಪ್ರಾಣ ಹೋಗುವಷ್ಟು ಇಷ್ಟದ ಬಿಸ್ಕತ್ತು ಅದು. ಕೊಕ್ಕೆಯ ವಾದ, ಕಿಟಕಿಯ ವಾದ ಮಾತ್ರ ನಿಲ್ಲಲಿಲ್ಲ. ವಿನ್ಸ್ ಬಿಡುಗಡೆಯಾಗಿ ನ್ಯಾಯ ಉಳಿಯಿತು ಎಂದು ಅರ್ಧ ಊರು, ಕೊಲೆಗಾರ ಕೈ ಬೀಸಿಕೊಂಡು ತಿರುಗುತ್ತಿದ್ದಾನೆ ಎಂದು ಇನ್ನರ್ಧ. ಬಾಯಿ ಬಿಡದ ಹ್ಯೂಯಿ ಮೇಲೆ ಎರಡೂ ಕಡೆಯವರಿಗೆ ಸಿಟ್ಟು. ಚಹಾಕ್ಕೆ ಕರೆಯುವವರು ಕಡಿಮೆಯಾದರು. ಎಣ್ಣೆ ತುಂಬಿ, ಕೊಳವೆ ಸುತ್ತಿ, ಯಾರ ಅಡುಗೆಮನೆಗೂ ಕಾಲಿಡದೆ ಅವನು ಲಾರಿ ಹತ್ತುತ್ತಿದ್ದ.

ಅದನ್ನಾದರೂ ಸಹಿಸಿಯಾನು. ಎಫಿಯ ಮೌನವನ್ನು ಹೇಗೆ ಸಹಿಸುವುದು? ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. "ನೀನೇ ಮೊದ್ಲು ಹೇಳ್ದ್ಯೋ, ಇಲ್ಲಾ ಅವ್ರು ಎಳ್ಕೊಂಡ್ ಹೋದ್ರೋ? ಅಷ್ಟ್ ಹೇಳು, ಸಾಕು. ಕೊಕ್ಕೆನೂ ಬೇಡ, ಕಿಟಕಿನೂ ಬೇಡ." ಅವನು ಹೇಳಲಿಲ್ಲ. ಅವಳು ಅತ್ತಳು. ಮಾಂಸದ ಕಡುಬು ಮಾಡುವುದನ್ನು ನಿಲ್ಲಿಸಿದಳು. ಅವನು ಹೇಳಲಿಲ್ಲ. ಲೋಕದ ಸುದ್ದಿಯೆಲ್ಲ ಮೊದಲು ತನ್ನ ಕಿವಿಗೇ ಬೀಳುತ್ತಿದ್ದ ಮನೆಯಲ್ಲಿ ಈಗ ಅವಳು ಗಂಡನ ಎದುರು ಕೂತು ಗೋಡೆ ನೋಡುತ್ತ ಉಣ್ಣುತ್ತಿದ್ದಳು. ಆ ಒಂದು ಮಾತು ಹೇಳಿಬಿಟ್ಟರೆ ಹೆಂಡತಿ ಮರಳಿ ಸಿಗುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಎಷ್ಟೋ ಸಲ ನಾಲಿಗೆ ತುದಿಗೆ ಬಂದದ್ದನ್ನು ಅವನು ನುಂಗಿದ.

ಫೆಬ್ರವರಿಯಲ್ಲಿ ಚರ್ಚಿನ ಹಾಲ್‌ನಲ್ಲಿ ಇಸ್ಪೀಟಿನ ಸಂಜೆ. ಎಫಿ ಒಂದು ಮೇಜಿನಲ್ಲಿ, ಹ್ಯೂಯಿ ಇನ್ನೊಂದರಲ್ಲಿ. ಬಾಗಿಲು ತೆರೆದು, ಬೂಟಿನ ಹಿಮ ಕೂಡ ಒದರದೆ ಒಬ್ಬ ಒಳಗೆ ಬಂದ. ಸತ್ತ ಲಾಕಿಯ ತಮ್ಮ ರೋರಿ ಪೆಟ್ರಿ. ಅವನು ಯಾರನ್ನೂ ನೋಡದೆ ನೇರ ಹ್ಯೂಯಿಯ ಮೇಜಿಗೆ ಹೋದ. ಎಲೆ ಹಾಕುವ ಸದ್ದು ನಿಂತಿತು.

"ನಾನು ಜಗಳಕ್ಕೆ ಬಂದಿಲ್ಲ. ಜ್ಯೂರೀಲಿ ಮಿಕ್ಕೋರು ದೂರದವ್ರು, ನೀವೊಬ್ರೇ ನಂಗೆ ಸಿಗೋರು," ಎಂದ ರೋರಿ. "ನಮ್ಮಮ್ಮ ದಿನಾ ಕೇಳ್ತಾಳೆ, ಯಾಕ್ ಬಿಟ್ರು ಅಂತ. ನಂಗೊತ್ತಿಲ್ಲ. ಅವನು ಮಾಡಿಲ್ಲ ಅಂತ ನಿಮಗೆ ಅನ್ಸಿತಾ, ಇಲ್ಲಾ ಸಾಕ್ಷಿ ಸಾಲ್ದು ಅಂತ ಬಿಟ್ರಾ? ಅಷ್ಟ್ ಹೇಳಿ. ಮನೆಗೆ ಹೋಗಿ ಅವಳಿಗೆ ಒಂದ್ ಮಾತು ಹೇಳ್ಬೇಕು ನಾನು."

ಹ್ಯೂಯಿ ಎದ್ದು ನಿಂತ. ಮುಖ ಬಿಳಿಚಿತ್ತು. ಕಾನೂನು ಹಾಳಾಗಿ ಹೋಗಲಿ, ಈ ಹುಡುಗನ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಎಂದು ಅವನಿಗೆ ಅನ್ನಿಸಿದ್ದು ಅಲ್ಲಿದ್ದವರಿಗೆಲ್ಲ ಕಂಡಿತು. ಅವನ ತುಟಿ ತೆರೆಯಿತು.

"ಹ್ಯೂಯಿ." ಎಫಿ ಎದ್ದಿದ್ದಳು. ಅವಳ ಕೈಯಲ್ಲಿನ ಎಲೆಗಳು ನೆಲಕ್ಕೆ ಚೆಲ್ಲಿದವು. "ನಾನು ಅತ್ತೆ, ನಂಗ್ ಹೇಳ್ಲಿಲ್ಲ. ಕಡುಬು ಮಾಡೋದ್ ಬಿಟ್ಟೆ, ಹೇಳ್ಲಿಲ್ಲ. ಈಗ ಇವ್ನಿಗೆ ಹೇಳಿದ್ರೆ ನಾನ್ ಯಾರು? ಇಷ್ಟು ದಿನ ನಾನು ಯಾತಕ್ಕೆ ಹಂಗೆ ಬಾಳಿದ್ದು?" ಆಮೇಲೆ ರೋರಿಯ ಕಡೆ ತಿರುಗಿದಳು. "ಮಗಾ, ನಿಮ್ಮಣ್ಣನ್ನ ವಿನ್ಸೇ ಕೊಂದಿದ್ದು ಅಂತ ಊರೆಲ್ಲ ಸಾರಿದವಳು ನಾನು. ಇವತ್ತಿಗೂ ಹಂಗೇ ಅಂತೀನಿ. ಆದ್ರೆ ಈ ಮನುಷ್ಯ ಕೈ ಎತ್ತಿ ಪ್ರಮಾಣ ಮಾಡಿದಾನೆ. ಮುರಿಸ್ಬೇಡ."

ಹ್ಯೂಯಿ ಅವಳನ್ನೇ ನೋಡಿದ. ತಿಂಗಳುಗಳ ಮೇಲೆ ಅವಳು ಅವನ ಪರವಾಗಿ ಆಡಿದ ಮೊದಲ ಮಾತು ಅದು. ಅವನ ಕಣ್ಣು ತುಂಬಿತು. ಅವನು ಬಾಯಿ ಮುಚ್ಚಿಕೊಂಡ.

ರೋರಿ ಬಾಗಿಲ ಕಡೆ ತಿರುಗಿದ. ಆಗ ಹ್ಯೂಯಿ ಕುರ್ಚಿಯೊಂದನ್ನು ಎಳೆದು, "ಕೂತ್ಕೋ," ಎಂದ. "ನಾನು ಹೇಳೋ ಹಾಗಿಲ್ಲ. ಆದ್ರೆ ಮೊಕದ್ದಮೆ ಮುಗೀತು, ಇನ್ನು ಕೇಳಿಸ್ಕೋಬೇಡ ಅಂತ ನಂಗ್ಯಾರೂ ಹೇಳಿಲ್ಲ. ಕೋರ್ಟಲ್ಲಿ ನಿಮ್ಮಣ್ಣ ಹೆಂಗ್ ಬಿದ್ದಿದ್ದ ಅಂತಾನೇ ವಾರಗಟ್ಲೆ ಹೇಳಿದ್ರು. ಹೆಂಗಿದ್ದ ಅಂತ ಒಬ್ರೂ ಹೇಳ್ಲಿಲ್ಲ. ನೀನು ಹೇಳು."

ರೋರಿ ಬೂಟಿನ ಹಿಮ ಒದರಿದ. ಆಮೇಲೆ ಕೂತ.

"ಅವನಿಗೆ ಈಜು ಬರ್ತಿರ್ಲಿಲ್ಲ," ಎಂದ. "ಮೊಟ್ಟೆ ಇರೋ ಲಾಬ್‌ಸ್ಟರ್ ಬೋನಿಗೆ ಬಿದ್ರೆ ವಾಪಸ್ ನೀರಿಗೆ ಬಿಡ್ಬೇಕಲ್ಲ, ಎಲ್ರೂ ಎಸೀತಾರೆ. ಇವ್ನು ಎಸೀತಿರ್ಲಿಲ್ಲ. ಬಗ್ಗಿ, ಎರಡೂ ಕೈಲಿ ನೀರಿಗ್ ಇಟ್ಟು, 'ಹೋಗ್ ಬಾರಮ್ಮ, ಜೋಪಾನ' ಅಂತಿದ್ದ. ಒಂದೊಂದಕ್ಕೂ. ನಾವು ದೋಣೀಲಿ ಬಿದ್ದು ಬಿದ್ದು ನಗ್ತಿದ್ವಿ."

ಹಾಲ್‌ನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು, ರೋರಿಯೂ ನಕ್ಕ. ನಗುತ್ತ ನಗುತ್ತಲೇ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿದ.

"ಎಲ್ರೂ ಕೊಕ್ಕೆ ಕೇಳಿದ್ರು, ಅಂಗಿ ಕೇಳಿದ್ರು," ಎಂದ. "ಮೇ ತಿಂಗಳಿಂದ ಅವನ ಬಗ್ಗೆ ನನ್ನ ಕೇಳಿದ್ದು ನೀವೊಬ್ರೇ."

ಮಿನ್ನಿಯ ಅಡುಗೆಮನೆಯಲ್ಲಿ ನೂಕಾಡಿದ್ದವರಲ್ಲಿ ಒಬ್ಬರೂ ತಲೆಯೆತ್ತಲಿಲ್ಲ. ಎಫಿ ತನ್ನ ಕುರ್ಚಿ ತಂದು ರೋರಿಯ ಪಕ್ಕ ಹಾಕಿಕೊಂಡು ಕೂತಳು.